ಹಿಡಿದಿಟ್ಟ ಹೆಸರು

ನನ್ನ ಗಂಡ ಹಡಗು ಮಾರುತ್ತಾರೆ ಎಂದರೆ ಜನ ಮೊದಲು ನನ್ನ ಸವೆದ ಚಪ್ಪಲಿ ನೋಡುತ್ತಾರೆ, ಆಮೇಲೆ ನಗುತ್ತಾರೆ. ಪೂರ್ತಿ ಹಡಗಲ್ಲ ಮಾರಾಯರೇ, ಹಡಗಿನೊಳಗಿನ ಕೋಣೆ. ಅವರು ಟ್ರಾವೆಲ್ ಏಜೆಂಟು. ಮೊದಲು ಬಸ್ ನಿಲ್ದಾಣದ ಪಕ್ಕದಲ್ಲಿ ಅವರದೊಂದು ಅಂಗಡಿ ಇತ್ತು. ಜನ ತಮ್ಮ ತಮ್ಮ ಫೋನಿನಲ್ಲೇ ಟಿಕೆಟ್ ಮಾಡಿಕೊಳ್ಳಲು ಕಲಿತ ಮೇಲೆ ಅಂಗಡಿ ಮುಚ್ಚಿ, ಮೇಜು ಕುರ್ಚಿ ಸಮೇತ ನಮ್ಮ ಮುಂದಿನ ಕೋಣೆಗೆ ಬಂದು ಕೂತರು. ವಿಮಾನ ಹೋಯಿತು, ರೈಲು ಹೋಯಿತು, ಉಳಿದದ್ದು ಕ್ರೂಸ್ ಎಂಬ ವಿಹಾರದ ಹಡಗು ಒಂದೇ. ಎಂಜಿನ್ ಸದ್ದು ಯಾವ ಮಹಡಿಗೆ ಕೇಳುತ್ತದೆ, ಅಲೆ ಎದ್ದಾಗ ಯಾವ ಕಡೆ ಮಲಗಿದರೆ ಹೊಟ್ಟೆ ತೊಳಸುವುದಿಲ್ಲ ಎಂದೆಲ್ಲ ಕೇಳಲು ಜನಕ್ಕೆ ಇನ್ನೂ ಒಬ್ಬ ಮನುಷ್ಯ ಬೇಕು. ಆ ಮನುಷ್ಯ ಇವರು. ಒಂದು ಸಲವಾದರೂ ಹಡಗು ಹತ್ತಿದವರಲ್ಲ, ಆ ಮಾತು ಬೇರೆ.

ಹಬ್ಬ ಬಂತೆಂದರೆ ಬೇರೆಯವರ ಮನೆಗೆ ನೆಂಟರು ಬರುತ್ತಾರೆ, ನಮ್ಮ ಮನೆಗೆ ಫೋನು ಬರುತ್ತದೆ. ಬೀದಿಯುದ್ದಕ್ಕೂ ದೀಪದ ಸರ ಕಟ್ಟಿರುತ್ತಾರೆ, ಪಕ್ಕದ ಮನೆಯ ಮಕ್ಕಳು ಹೊಸ ಬಟ್ಟೆಯಲ್ಲಿ ಕುಣಿಯುತ್ತಿರುತ್ತವೆ, ನಮ್ಮ ಮುಂದಿನ ಕೋಣೆಯಲ್ಲಿ ಇವರು "ಹಾಂ ಸರ್, ಬಾಲ್ಕನಿ ಇದೆ ಸರ್, ಸಮುದ್ರ ಹಾಸಿಗೆಯಿಂದಲೇ ಕಾಣುತ್ತೆ ಸರ್" ಎಂದು ಗಂಟಲು ಹರಿದುಕೊಳ್ಳುತ್ತಿರುತ್ತಾರೆ. ಊಟಕ್ಕೆ ಕರೆದರೆ ಕೈ ಎತ್ತಿ ತಡಿ ಎನ್ನುತ್ತಾರೆ. ಅನ್ನ ಆರುತ್ತದೆ, ನನ್ನ ತಲೆ ಬಿಸಿಯಾಗುತ್ತದೆ. ನಮ್ಮ ಅತ್ತೆಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ. ಅವರೊಬ್ಬರೇ ಈ ಮನೆಯಲ್ಲಿ ಸುಖಿ.

ಈ ವ್ಯಾಪಾರದ ಗುಟ್ಟೊಂದನ್ನು ಹೇಳಿಬಿಡುತ್ತೇನೆ, ಏಕೆಂದರೆ ಆಮೇಲೆ ಆದದ್ದೆಲ್ಲ ಅದರಿಂದಲೇ ಆಯಿತು. ಒಳ್ಳೆಯ ಕೋಣೆಗಳು ಬೇಗ ಖಾಲಿಯಾಗುತ್ತವೆ. ಗಿರಾಕಿಗಳೋ, ಕೊನೆ ಗಳಿಗೆಯಲ್ಲಿ ಎದ್ದು ಬರುವ ಜಾತಿ. ಅದಕ್ಕೆ ಏಜೆಂಟರು ಮೊದಲೇ ಒಂದು ಕೋಣೆಯನ್ನು ಯಾವುದೋ ಹೆಸರಿನಲ್ಲಿ ಹಿಡಿದಿಡುತ್ತಾರೆ. ದುಡ್ಡು ಕಟ್ಟಲು ಕಂಪನಿ ಕೆಲವು ದಿನ ಬಿಡುತ್ತದೆ. ಅಷ್ಟರೊಳಗೆ ಗಿರಾಕಿ ಸಿಕ್ಕರೆ ಹೆಸರು ಬದಲಾಯಿಸುವುದು, ಸಿಗದಿದ್ದರೆ ಬಿಟ್ಟುಬಿಡುವುದು. ಯಾವುದೋ ಹೆಸರು ಎಂದೆನಲ್ಲ, ಇವರಿಗೆ ಬಾಯಿಪಾಠ ಬರುತ್ತಿದ್ದದ್ದು ಒಂದೇ ಹೆಸರು, ಒಂದೇ ಹುಟ್ಟಿದ ದಿನ, ಒಂದೇ ಪಾಸ್‌ಪೋರ್ಟ್ ನಂಬರು. ನನ್ನದು.

ಹಾಗೆ ಮನೆ ಹೊಸಿಲು ದಾಟದ ನಾನು ಏಳು ಸಮುದ್ರ ಸುತ್ತಿದ್ದೇನೆ. ಹಿಮದ ಗುಡ್ಡ ನೋಡಲು ಹೋಗುವ ಹಡಗಿನಲ್ಲಿ ನನ್ನ ಹೆಸರು, ಅದೇ ವಾರ ತಾಳೆಮರದ ದ್ವೀಪಗಳಿಗೆ ಹೋಗುವ ಹಡಗಿನಲ್ಲೂ ನನ್ನ ಹೆಸರು. ಒಂದು ಕಂಪನಿಯವರು ನನ್ನ ಹುಟ್ಟುಹಬ್ಬಕ್ಕೆ ಶುಭಾಶಯ ಕಳಿಸುತ್ತಾರೆ. ಇನ್ನೊಬ್ಬರು ಒಮ್ಮೆ ಹಳೇ ಪಟ್ಟಿ ನೋಡಿ ಫೋನ್ ಮಾಡಿ ನಮ್ಮ ಹಡಗಿನ ಈಜುಕೊಳ ಹೇಗಿತ್ತು ಮೇಡಂ ಎಂದು ಕೇಳಿದರು. ನಾನು ಪಾತ್ರೆ ತಿಕ್ಕುತ್ತಿದ್ದೆ. ನೀರು ಸ್ವಲ್ಪ ತಣ್ಣಗಿತ್ತಪ್ಪ ಎಂದೆ. ಇವರು ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ. ಆಗ ಅದು ನಗುವ ವಿಷಯವೇ ಆಗಿತ್ತು.

ನನಗೆ ಒಬ್ಬಳು ಅಕ್ಕ. ಅಮ್ಮ ಬೇಗ ಹೋಗಿಬಿಟ್ಟಿದ್ದರಿಂದ ನನ್ನ ತಲೆ ಬಾಚಿದವಳು, ಕೈತುತ್ತು ಹಾಕಿದವಳು, ಬೆನ್ನಿಗೆ ಗುದ್ದಿದವಳು ಎಲ್ಲ ಅವಳೇ. ನನ್ನ ಬಾಯಿ ಜೋರು ಎಂದು ನನಗೆ ಮೆಣಸು ಎಂದು ಹೆಸರಿಟ್ಟವಳೂ ಅವಳೇ. ಭಾವನಿಗೆ ಕೆಲಸ ಸಿಕ್ಕಿದ್ದು ಸಮುದ್ರದ ಆಚೆಯ ಒಂದು ದ್ವೀಪದಲ್ಲಿ, ಮೀನು ಕೆಡದಂತೆ ಇಡುವ ಮಂಜುಗಡ್ಡೆ ಕಾರ್ಖಾನೆಯಲ್ಲಿ. ಅವರು ಅಲ್ಲೇ ನಿಂತುಬಿಟ್ಟರು. ಅಕ್ಕ ಎರಡು ವರ್ಷಕ್ಕೋ ಮೂರು ವರ್ಷಕ್ಕೋ ಬರುತ್ತಿದ್ದಳು. ಆಮೇಲೆ ಅವಳಿಗೆ ಆ ಕಾಯಿಲೆ ಬಂತು. ಹೆಸರು ಹೇಳಲು ನನಗೆ ಮನಸ್ಸಿಲ್ಲ. ಮದ್ದು, ಸೂಜಿ, ಆಸ್ಪತ್ರೆ ಎಲ್ಲ ಮುಗಿಸಿ ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಡಾಕ್ಟರು ಕೈಚೆಲ್ಲಿದರು. ಹಾಸಿಗೆಯನ್ನು ಬಂದರು ಕಾಣುವ ಕಿಟಕಿಯ ಪಕ್ಕ ಹಾಕಿಸಿದ್ದೇನೆ ಎಂದು ಭಾವ ಹೇಳಿದರು. ಫೋನಿನಲ್ಲಿ ಅಕ್ಕ ಬೇರೇನೂ ಕೇಳಲಿಲ್ಲ.

"ಒಂದ್ಸಲ ಬಂದು ಹೋಗೇ ಮೆಣಸು. ನಿನ್ನ ಬಾಯಿ ಕೇಳ್ದೆ ಎಷ್ಟು ದಿನ ಆಯ್ತು" ಎಂದಳು.

ಹೋಗುವುದು ಹೇಗೆ? ನನ್ನ ಒಂದು ಶ್ವಾಸಕೋಶ ಕೈಕೊಟ್ಟಿದೆ. ಕುಯ್ದು ಹೊಲಿದಿದ್ದಾರೆ, ಇನ್ನೊಂದನ್ನು ನಂಬಿಕೊಂಡು ಬದುಕಿದ್ದೇನೆ. ವಿಮಾನದಲ್ಲಿ ಹೋಗಬಹುದಾ ಎಂದು ನಮ್ಮ ಡಾಕ್ಟರನ್ನು ಕೇಳಿದರೆ, "ಮೇಲೆ ಹೋದ್ರೆ ಮೇಲೇ ಹೋಗ್ತೀರಮ್ಮ" ಎಂದರು. ಅವರ ಚೀಟಿಯಿಲ್ಲದೆ ವಿಮಾನದವರು ನನ್ನನ್ನು ಹತ್ತಿಸಿಕೊಳ್ಳುವುದಿಲ್ಲ. ಆ ದ್ವೀಪಕ್ಕೆ ದೋಣಿ ಗೀಣಿ ಏನೂ ಇಲ್ಲ. ಇರುವುದು ಒಂದೇ ಒಂದು ಕ್ರೂಸ್ ಹಡಗು. ನಮ್ಮ ಊರಿನಿಂದ ರೈಲಿನಲ್ಲಿ ಅರ್ಧ ದಿನ ದೂರದ ಬಂದರಿನಿಂದ ಅದು ಹೊರಡುತ್ತದೆ, ದಾರಿಯಲ್ಲಿ ಒಂದು ಹಗಲು ಅಕ್ಕನ ಊರಿನಲ್ಲಿ ನಿಲ್ಲುತ್ತದೆ. ಬೆಳಿಗ್ಗೆ ಇಳಿದು ಸಂಜೆ ಹತ್ತಬೇಕು. ನನಗೆ ಅಷ್ಟೇ ಸಾಕಾಗಿತ್ತು. ಅವಳ ಪಕ್ಕ ಕೂತು ಒಂದು ಹಗಲು ಜಗಳವಾಡಿ ಬರುತ್ತಿದ್ದೆ.

"ಬುಕ್ ಮಾಡ್ದೆ ಕಣೇ" ಎಂದರು ಇವರು. ಹಬ್ಬ ಮುಗಿದ ಮಾರನೇ ವಾರ ಹೊರಡುವ ಹಡಗು. ಇಬ್ಬರೂ ಒಟ್ಟಿಗೆ ಹೋಗುವಂತಿಲ್ಲ, ಅತ್ತೆಯನ್ನು ನೋಡಿಕೊಳ್ಳಲು ಒಬ್ಬರು ಬೇಕು. ಹೋಗುವವಳು ನಾನೊಬ್ಬಳೇ.

"ದುಡ್ಡು ಕಟ್ಟಿದ್ರಾ?"

"ಇನ್ನೂ ಟೈಮಿದೆ ಮಾರಾಯ್ತಿ. ಈಗ ಕಟ್ಟಿದ್ರೆ ಕಿಟಕಿ ಇಲ್ಲದ ಗೂಡು ಗಂಟುಬೀಳುತ್ತೆ. ಕೊನೆ ವಾರದಲ್ಲಿ ಸಮುದ್ರ ಕಾಣೋ ಕೋಣೆ ಒಂದೆರಡು ಬಿಡ್ತಾರೆ. ಅಲ್ಲೀವರೆಗೆ ನಿನ್ನ ಹೆಸರಲ್ಲೇ ಒಂದು ಗೂಡು ಹಿಡಿದಿಟ್ಟಿದ್ದೀನಿ, ಆರಾಮಾಗಿರು."

"ಕಿಟಕಿ ಯಾರಿಗೆ ಬೇಕು ರೀ? ನಾನೇನು ಮೀನು ನೋಡಕ್ಕೆ ಹೋಗ್ತಿದ್ದೀನಾ?"

"ಮೊದಲನೇ ಸಲ ಹೋಗ್ತಿದ್ದೀಯ. ಗೋಡೆ ನೋಡ್ಕೊಂಡು ಹೋಗ್ಬೇಡ" ಎಂದರು.

ನಿಜ ಹೇಳಬೇಕೆಂದರೆ ಆ ಮಾತು ನನಗೆ ಹಿತವಾಯಿತು. ಊರಿಗೆಲ್ಲ ಕಿಟಕಿ ಹಂಚಿದ ಮನುಷ್ಯ ನನಗೂ ಒಂದು ಕಿಟಕಿ ಹುಡುಕುತ್ತಿದ್ದಾನೆ ಎಂದು ಒಳಗೊಳಗೇ ಬೀಗಿದೆ. ಸುಮ್ಮನಾದೆ. ಅಟ್ಟದಿಂದ ಸೂಟ್‌ಕೇಸ್ ಇಳಿಸಿ ಒರೆಸಿದೆ.

ಬೆಳಗಿನ ಕಾಫಿಯ ಹೊತ್ತಿಗೆ ಹಡಗು ಲೋಕದ ಸುದ್ದಿ ಓದುವುದು ಇವರ ಚಟ. ಬೇರೆ ಗಂಡಸರು ರಾಜಕೀಯ ಓದಿ ಮೇಜು ಕುಟ್ಟುತ್ತಾರೆ, ಇವರು ಯಾವ ಕಂಪನಿ ಎಷ್ಟು ಮಹಡಿಯ ಹಡಗು ಕಟ್ಟಿಸುತ್ತಿದೆ ಎಂದು ಓದಿ ಕುಟ್ಟುತ್ತಾರೆ. ಅದೂ ಅತ್ತೆಗೆ ಕೇಳಲೆಂದು ಕಿರುಚಿ ಓದುತ್ತಾರೆ. ಆ ಹಬ್ಬದ ವಾರ ಸುದ್ದಿಗೆ ಬರವಿರಲಿಲ್ಲ.

ಒಂದು ಬೆಳಿಗ್ಗೆ, "ಕೇಳಿದ್ಯಾ? ನಿನ್ನ ಅಕ್ಕನ ಊರಿನವರು ಇನ್ಮೇಲೆ ಕ್ರೂಸ್ ಹಡಗೇ ಬೇಡ ಅಂದ್ರಂತೆ. ಬಂದವರೆಲ್ಲ ಬೀದಿ ತುಂಬ ಗಲೀಜು ಮಾಡ್ತಾರಂತೆ. ಈ ಸೀಸನ್ ಆದ್ಮೇಲೆ ಬಂದ್" ಎಂದರು.

"ಮತ್ತೆ ನಮ್ಮದು?"

"ನಮ್ಮದು ಇದೆ. ಅದೇ ಕೊನೇದು."

"ನಿಮ್ಮ ಮೂತಿಗೆ ಬೆಂಕಿ ಹಾಕ. ಮೊದಲು ಅದನ್ನ ಹೇಳಬಾರದಾ?" ಎಂದು ಬೈದೆ. ನಮ್ಮ ಅತ್ತೆ, ಯಾರ ಮೂತಿ ಎಂದು ಕೇಳಿದರು.

ಇನ್ನೊಂದು ಬೆಳಿಗ್ಗೆ ದೊಡ್ಡದೊಂದು ಹಡಗಿನ ಎಂಜಿನ್ ಕೆಟ್ಟ ಸುದ್ದಿ. ಅದರ ಸೀಸನ್ ಪೂರ್ತಿ ರದ್ದು, ಅದರ ಜನರನ್ನೆಲ್ಲ ಅದೇ ಕಂಪನಿಯ ಬೇರೆ ಹಡಗುಗಳಿಗೆ ಹಂಚುತ್ತಾರಂತೆ. ಅದರ ಬೆನ್ನಿಗೇ ಇನ್ನೊಂದು ಸುದ್ದಿ ಓದುತ್ತಾ ಇವರು ಜೋರಾಗಿ ನಕ್ಕರು.

"ಇದು ಕೇಳು, ಇದು ಕೇಳು. ಸುಳ್ಳು ಹೆಸರಲ್ಲಿ ಕೋಣೆ ಹಿಡಿದಿಡೋ ಏಜೆಂಟರಿಗೆ ಕಂಪನಿಯವರು ಕಡಿವಾಣ ಹಾಕ್ತಾರಂತೆ. ಹಾಗೇ ಆಗ್ಬೇಕು. ಕೆಲವರು ಬಾಯಿಗೆ ಬಂದ ಹೆಸರು ಹಾಕ್ತಾರೆ ಕಣೇ, ಸಿನಿಮಾದವರದ್ದು, ಸತ್ತವರದ್ದು. ನಾನು ಹಾಗೆಲ್ಲ ಮಾಡೋನಲ್ಲ. ನನ್ನದು ನಿಜವಾದ ಮನುಷ್ಯರ ಹೆಸರು."

ನಾನು ಲೋಟ ಎತ್ತಿಕೊಂಡು ಒಳಗೆ ಹೋದೆ. ಇಬ್ಬರಿಗೂ ಹೊಳೆಯಲಿಲ್ಲ ನೋಡಿ. ನನಗೆ ಹೊಳೆಯದಿದ್ದರೆ ಬಿಡಿ, ನಾನು ಪಾತ್ರೆ ತೊಳೆಯುವವಳು. ಇಡೀ ಜನ್ಮ ಅದನ್ನೇ ಮಾಡಿಕೊಂಡು ಬಂದವರಿಗೂ ಹೊಳೆಯಲಿಲ್ಲವಲ್ಲ ಎಂದು ಈಗಲೂ ಮೈ ಉರಿಯುತ್ತದೆ.

ಹಬ್ಬದ ದಿನ ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಅಪರೂಪಕ್ಕೆ ಇವರೂ ಕೂತಿದ್ದರು. ಫೋನು ಟಿಂಗ್ ಎಂದಿತು. ಎಡಗೈಯಲ್ಲಿ ತೆಗೆದು ನೋಡಿದರು. ಬಾಯಿಯೊಳಗಿನ ತುತ್ತು ಹಾಗೇ ನಿಂತಿತು.

"ಏನ್ರೀ?"

ಎದ್ದು ಮುಂದಿನ ಕೋಣೆಗೆ ಹೋದರು. ಕೈಯನ್ನೂ ತೊಳೆಯಲಿಲ್ಲ. ನಾನು ಹಿಂದೆಯೇ ಹೋದೆ. ಕಂಪ್ಯೂಟರಿನಲ್ಲಿ ನನ್ನ ಹಡಗಿನ ಪುಟ ತೆರೆದಿತ್ತು. ನನ್ನ ಹೆಸರು ಇರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ.

"ರದ್ದು ಮಾಡಿದ್ದಾರೆ. ಅವರ ಕಣ್ಣಿಗೆ ಅದು ಸುಳ್ಳು ಹೆಸರಂತೆ" ಎಂದರು.

"ಯಾವುದು?"

"ನಿಂದು."

ಆಮೇಲೆ ಶುರುವಾಯಿತು ಫೋನಿನ ರಾಮಾಯಣ. ಕಂಪನಿಯ ಆಫೀಸಿನಲ್ಲಿ ಹಬ್ಬದ ರಜೆ. ಒಂದು ಯಂತ್ರದ ದನಿ ನಮಗೆ ಸಂತೋಷದ ಹಬ್ಬವಾಗಲಿ ಎಂದು ಹಾರೈಸಿ, ಗಂಟೆ ಬಾರಿಸುವ ಹಾಡು ಹಾಕಿ ಕೂರಿಸುತ್ತಿತ್ತು. ಆ ಹಾಡು ಕೇಳಿದರೆ ನನಗೆ ಈಗಲೂ ಏನನ್ನಾದರೂ ಎತ್ತಿ ಒಗೆಯಬೇಕೆನಿಸುತ್ತದೆ. ಮಾರನೇ ದಿನವೂ ಅದೇ ಹಾಡು. ಅದರ ಮಾರನೇ ದಿನ ಕೊನೆಗೂ ಒಬ್ಬ ಹುಡುಗಿ ಸಿಕ್ಕಳು. ಬುಕಿಂಗ್ ಡೆಸ್ಕಿನ ಹುಡುಗಿ, ಇವರಿಗೆ ಎಷ್ಟೋ ವರ್ಷದ ಪರಿಚಯ. ನನಗೂ ಕೇಳಲೆಂದು ಇವರು ಸ್ಪೀಕರಿಗೆ ಹಾಕಿದರು.

"ಸರ್, ಈ ಹೆಸರು ನಮ್ಮ ಆಫೀಸಲ್ಲಿ ಯಾರಿಗೆ ಗೊತ್ತಿಲ್ಲ ಹೇಳಿ? ನಾವು ಅದಕ್ಕೆ ಕಾಯೋ ಆಂಟಿ ಅಂತೀವಿ. ಯಾವ ಹಡಗು ನೋಡಿದ್ರೂ ಆಂಟಿ ಒಂದು ಕೋಣೆ ಹಿಡ್ಕೊಂಡು ಕಾಯ್ತಿರ್ತಾರೆ. ಒಂದು ಸಲನೂ ಹತ್ತಿಲ್ಲ" ಎಂದು ನಕ್ಕಳು.

"ಅವಳು ನನ್ನ ಹೆಂಡ್ತಿ ಕಣಮ್ಮ. ನಿಜವಾಗ್ಲೂ ಇದ್ದಾಳೆ. ಈ ಸಲ ನಿಜವಾಗ್ಲೂ ಹೋಗ್ತಾಳೆ."

"ಹೋದ ವರ್ಷನೂ ಹಾಗೇ ಅಂದಿದ್ರಿ ಸರ್. ಹೆಂಡ್ತಿ ನಿಜವಾಗ್ಲೂ ಹೋಗ್ತಾಳೆ, ಇನ್ನೆರಡು ದಿನ ಬಿಡಮ್ಮ ಅಂದ್ರಿ. ನಾನು ಬಿಟ್ಟೆ. ಆಮೇಲೆ ಅದೇ ಕೋಣೇಲಿ ಯಾರೋ ಮದುವೆ ಜೋಡಿ ಹೋಯ್ತು."

ಇವರು ನನ್ನ ಮುಖ ನೋಡಲಿಲ್ಲ. ನಾನು ಫೋನ್ ಕಸಿದುಕೊಂಡೆ.

"ನೋಡಮ್ಮ, ನಾನೇ ಮಾತಾಡ್ತಿರೋದು. ನಾನೇ ಅವಳು. ನಮ್ಮಕ್ಕ ಸಾಯ್ತಾ ಇದ್ದಾಳೆ. ನಿಮ್ಮ ಹಡಗು ಬಿಟ್ರೆ ನನಗೆ ಬೇರೆ ದಾರಿ ಇಲ್ಲ."

ಹುಡುಗಿ ಮೆತ್ತಗೆ, "ಮೇಡಂ, ಅದು ನೀವೇ ಅಂತ ನನಗೆ ಹೇಗೆ ಗೊತ್ತಾಗ್ಬೇಕು?" ಎಂದಳು. ನನ್ನ ಬಾಯಿ ಕಟ್ಟಿಹೋಯಿತು. ನನ್ನ ಬಾಯಿಯೂ ಕಟ್ಟುತ್ತದೆ ಎಂದು ನನಗೇ ಗೊತ್ತಿರಲಿಲ್ಲ.

ಅವಳು ಕೆಟ್ಟವಳಲ್ಲ. ಹುಡುಕಿ ನೋಡಿದಳು. ಎಂಜಿನ್ ಕೆಟ್ಟ ಹಡಗಿನ ಜನ ಈ ಹಡಗಿಗೆ ತುಂಬಿಕೊಂಡಿದ್ದಾರೆ, ನನ್ನ ಕೋಣೆಯೂ ಅವರಲ್ಲೇ ಯಾರಿಗೋ ಹೋಗಿದೆ, ಕಿಟಕಿ ಇಲ್ಲದ ಗೂಡೂ ಉಳಿದಿಲ್ಲ ಎಂದಳು. ಕಾಯುವ ಪಟ್ಟಿಗೆ ಸೇರಿಸುತ್ತೇನೆ ಎಂದಳು.

ಫೋನಿಟ್ಟ ಮೇಲೆ ನಾನು ಇವರಿಗೆ ಅಂದದ್ದನ್ನೆಲ್ಲ ಇಲ್ಲಿ ಬರೆಯಲಾರೆ. ಊರಿನವರಿಗೆಲ್ಲ ನನ್ನ ಹೆಸರು ಹಾಸಿ ಮಲಗಿಸಿದ್ರಿ, ನಾನು ಹೊರಟಾಗ ನನಗೇ ಜಾಗ ಇಲ್ಲ ಎಂದೆ. ಕಿಟಕಿ ಕಿಟಕಿ ಎಂದು ಕುಣಿದ್ರಲ್ಲ, ಈಗ ಅದೇ ಕಿಟಕಿಗೆ ತಲೆ ಚಚ್ಚಿಕೊಳ್ಳಿ ಎಂದೆ. ಒಂದೇ ಶ್ವಾಸಕೋಶದಲ್ಲಿ ಎಷ್ಟು ಬೈಯಬಹುದೋ ಅಷ್ಟು ಬೈದು ಏದುಸಿರು ಬಂದು ಕೂತೆ. ಅವರು ನೀರು ತಂದುಕೊಟ್ಟರು. ನಾನು ಕುಡಿಯಲಿಲ್ಲ.

"ಅಕ್ಕಂಗೆ ಈಗ್ಲೇ ಹೇಳ್ಬೇಡ. ಕಾಯೋ ಪಟ್ಟಿ ಕೊನೆ ದಿನವೂ ಸರಿದದ್ದು ನಾನು ನೋಡಿದ್ದೀನಿ. ಯಾರಿಗೋ ಜ್ವರ ಬರುತ್ತೆ, ಯಾರೋ ಜಗಳ ಆಡ್ಕೊಂಡು ಬಿಡ್ತಾರೆ. ಒಂದು ಕೋಣೆ ಬಂದೇ ಬರುತ್ತೆ" ಎಂದರು.

ಹಡಗು ಹೊರಡುವವರೆಗೆ ಗಿರಾಕಿಗೆ ಇಲ್ಲ ಎನ್ನಬಾರದು ಎಂಬುದು ಅವರ ದಂಧೆಯ ರೀತಿ. ನಾನೂ ಗಿರಾಕಿಯಾದೆ. ಅಕ್ಕ ದಿನಾ ಫೋನ್ ಮಾಡುತ್ತಿದ್ದಳು. ಬರುವಾಗ ಏನು ತರಬೇಕೆಂದರೆ ಏನೂ ಬೇಡ, ನಿನ್ನ ಹಳೇ ಸೀರೆ ಒಂದು ತಾ, ಮೆತ್ತಗಿರುತ್ತೆ, ಹಾಸ್ಕೋತೀನಿ ಎನ್ನುತ್ತಿದ್ದಳು. ತರ್ತೀನಿ ಎನ್ನುತ್ತಿದ್ದೆ. ಇವರು ಆ ವಾರ ಬೇರೆ ಗಿರಾಕಿಗಳ ಫೋನು ಎತ್ತಲೇ ಇಲ್ಲ. ಕಂಪ್ಯೂಟರಿನ ಮುಂದೆ ಕೂತು ಆ ಪುಟವನ್ನೇ ಮತ್ತೆ ಮತ್ತೆ ತೆರೆಯುತ್ತಿದ್ದರು. ಹೊರಗೆ ಬೀದಿಯವರು ದೀಪದ ಸರಗಳನ್ನು ಬಿಚ್ಚಿ ಸುತ್ತಿಡುತ್ತಿದ್ದರು.

ಪಟ್ಟಿ ಸರಿಯಲಿಲ್ಲ. ಹಡಗು ಹೊರಡುವ ದಿನ ಇವರು ಅತ್ತೆಯನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ಸೂಟ್‌ಕೇಸ್ ಎತ್ತಿಕೊಂಡರು.

"ನಡಿ, ಬಂದರಿಗೇ ಹೋಗೋಣ. ಬರ್ತೀವಿ ಅಂದು ಬರದೇ ಇರೋರು ಇದ್ದೇ ಇರ್ತಾರೆ."

ಪ್ರಯಾಣಿಕರ ಹೆಸರೆಲ್ಲ ಮೊದಲೇ ಬಂದರಿನ ಅಧಿಕಾರಿಗಳಿಗೆ ಹೋಗಿರುತ್ತದೆ, ಆಮೇಲೆ ಒಂದು ಇರುವೆಯನ್ನೂ ಹತ್ತಿಸಿಕೊಳ್ಳುವುದಿಲ್ಲ ಎಂದು ಗಿರಾಕಿಗಳಿಗೆ ಪಾಠ ಹೇಳುತ್ತಿದ್ದವರು ಇವರೇ. ಅದು ನನಗೂ ಗೊತ್ತಿತ್ತು, ಆದರೂ ಹೋದೆ. ರೈಲಿನಲ್ಲಿ ಇವರು ಸೂಟ್‌ಕೇಸನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಹಳೆ ಸೀರೆ ನನ್ನ ಕೈಚೀಲದಲ್ಲಿತ್ತು.

ಹಡಗನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಇಷ್ಟು ದೊಡ್ಡದರಲ್ಲಿ ನನಗೊಬ್ಬಳಿಗೆ ಜಾಗವಿಲ್ಲವೇ ಎಂದು ಅಳು ಬಂತು. ನೀಲಿ ಕೋಟಿನ ಹುಡುಗನೊಬ್ಬ ಗೇಟಿನ ಹತ್ತಿರ ನಿಂತು ಒಬ್ಬೊಬ್ಬರನ್ನೇ ಒಳಗೆ ಬಿಡುತ್ತಿದ್ದ. ಇವರು ಅವನ ಮುಂದೆ ನಿಂತು, ತಮ್ಮ ಕಾರ್ಡು ತೋರಿಸಿ, ಇಷ್ಟು ವರ್ಷ ನಿಮ್ಮ ಹಡಗು ತುಂಬಿಸಿದವನು ನಾನು ಎಂದರು. ಅವನು ಕಾರ್ಡನ್ನು ವಿನಯದಿಂದಲೇ ವಾಪಸು ಕೊಟ್ಟ. ಇವರು ಪಕ್ಕಕ್ಕೆ ಸರಿದು ಮತ್ತೆ ಅವನ ಮುಂದೆ ಹೋದರು. ಕೈ ಮುಗಿದರು. ನನ್ನ ಗಂಡ ಯಾರಿಗೂ ಕೈ ಮುಗಿದು ಬೇಡಿದ್ದನ್ನು ನಾನು ಕಂಡಿರಲಿಲ್ಲ. ಬನ್ನಿ ರೀ, ಸಾಕು ಬನ್ನಿ ಎಂದು ತೋಳು ಹಿಡಿದು ಎಳೆದೆ. ಅಷ್ಟು ದಿನ ಅವರ ಮೇಲಿದ್ದ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಸಿಟ್ಟಾದರೂ ಇದ್ದಿದ್ದರೆ ಒಂದು ಆಸರೆಯಾಗಿರುತ್ತಿತ್ತು.

ಏಣಿ ಎತ್ತಿದರು. ಮೇಲಿನ ಬಾಲ್ಕನಿಗಳಲ್ಲಿ ನಿಂತವರು ಯಾರ್ಯಾರಿಗೋ ಟಾಟಾ ಮಾಡುತ್ತಿದ್ದರು. ಹಡಗು ಸರಿಯುವುದು ಮೊದಲು ಗೊತ್ತೇ ಆಗಲಿಲ್ಲ, ನಡುವೆ ನೀರು ಕಂಡಾಗಲೇ ಗೊತ್ತಾಯಿತು.

ಅಲ್ಲಿಂದಲೇ ಭಾವನಿಗೆ ಫೋನ್ ಮಾಡಿ ನಿಜ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಅವಳಿಗೆ ಮಾತ್ರ ಹೇಳ್ಬೇಡಮ್ಮ. ಊಟ ಬಿಟ್ಟು ಎಷ್ಟು ದಿನ ಆಯ್ತು. ನೀನು ಬರ್ತೀಯ ಅನ್ನೋದೊಂದರ ಮೇಲೇ ಇದ್ದಾಳೆ. ಆ ದಿನ ನಾನೇ ಏನೋ ಒಂದು ಹೇಳಿ ಸಮಾಧಾನ ಮಾಡ್ತೀನಿ" ಎಂದರು.

ಆ ದಿನ ಬಂತು. ಬೆಳಿಗ್ಗೆ ನಾನು ಒಲೆಯ ಮುಂದೆ ನಿಂತಿದ್ದೆ. ಫೋನ್ ಬಂತು, ಭಾವ ಎಂದುಕೊಂಡು ಎತ್ತಿದೆ. ಅಕ್ಕ. ದನಿ ದಾರದಷ್ಟು ತೆಳ್ಳಗಾಗಿತ್ತು, ಆದರೂ ಅದರಲ್ಲಿ ಖುಷಿ ಇತ್ತು.

"ಬಂತು ಕಣೇ ಮೆಣಸು! ಹಡಗು ಬಂತು. ಇಲ್ಲಿಂದ್ಲೇ ಕಾಣ್ತಾ ಇದೆ. ಎಷ್ಟು ದೊಡ್ಡದೇ! ನಿನ್ನ ಗಂಡ ಇದನ್ನೆಲ್ಲ ಮಾರ್ತಾನಾ?"

ಹಿಂದೆ ಭಾವನ ದನಿ ಕೇಳಿಸಿತು, ಫೋನ್ ಕೊಡು, ಫೋನ್ ಕೊಡು ಎನ್ನುತ್ತಿದ್ದರು. ಅವಳು ಕೊಡಲಿಲ್ಲ.

"ನೀನು ಯಾವ ಕಿಟಕೀಲಿ ಇದ್ದೀಯ? ಕೈ ಬೀಸು ನೋಡೋಣ."

ನನ್ನ ಗಂಡ ಬಾಗಿಲಲ್ಲಿ ನಿಂತಿದ್ದರು. ಅವರನ್ನು ನೋಡುತ್ತಲೇ ನಾನು ಕೈ ಎತ್ತಿದೆ. ಅಡುಗೆಮನೆಯಲ್ಲಿ ನಿಂತು, ಸೌಟು ಹಿಡಿದ ಕೈಯನ್ನೇ ಗಾಳಿಯಲ್ಲಿ ಬೀಸಿದೆ. ಯಾಕೆ ಬೀಸಿದೆನೋ ಗೊತ್ತಿಲ್ಲ. ಸುಳ್ಳು ಹೇಳಿದರೂ ಪೂರ್ತಿ ಸುಳ್ಳಾಗಬಾರದು ಎನಿಸಿರಬೇಕು.

"ಬೀಸ್ತಾ ಇದ್ದೀನಕ್ಕ."

"ಹಾಂ, ಕಾಣ್ತು. ಕಾಣ್ತು" ಎಂದಳು. ಮದ್ದಿನ ಮಂಪರಿನಲ್ಲಿ ಅವಳಿಗೆ ಏನು ಕಂಡಿತೋ. "ಬೇಗ ಇಳಿದು ಬಾ."

"ಇಳಿಯಕ್ಕೆ ಸಾಲಿದೆ ಅಕ್ಕ. ತುಂಬಾ ಜನ" ಎಂದೆ. ನನ್ನ ಬಾಯಿಗೆ ಆಗ ಬಂದದ್ದು ಅದೊಂದೇ.

"ಹೌದಾ? ಸರಿ, ನಿಧಾನಕ್ಕೆ ಬಾ. ನೂಕಬೇಡ ಯಾರನ್ನೂ. ನಿನ್ನ ಬುದ್ಧಿ ನಂಗೊತ್ತು."

ಆಮೇಲೆ ಭಾವ ಫೋನ್ ತೆಗೆದುಕೊಂಡರು. ಇವಾಗ ನಿದ್ದೆಗೆ ಜಾರಿದ್ದಾಳೆ, ನಾನು ಹೇಳ್ತೀನಿ ಎಂದರು. ಅವರೂ ಹೇಳಲಿಲ್ಲ. ಯಾರಿಗೆ ಬರುತ್ತದೆ ಹೇಳಿ ಆ ಬಾಯಿ? ಮಧ್ಯಾಹ್ನ ಎಚ್ಚರವಾದಾಗ ಮತ್ತೆ ಅವಳೇ ಫೋನ್ ಮಾಡಿದಳು. ಎಲ್ಲಿ ತನಕ ಬಂದೆ ಎಂದಳು. ಇನ್ನೂ ಸಾಲಿನಲ್ಲೇ ಇದ್ದೀನಿ ಎಂದೆ. ಆಮೇಲೊಮ್ಮೆ ಮಾಡಿ, ಮುಂದೆ ಎಷ್ಟು ಜನ ಇದ್ದಾರೆ ಎಂದಳು. ಸ್ವಲ್ಪ ಕಡಿಮೆಯಾಗಿದ್ದಾರೆ ಎಂದೆ. ನನ್ನ ಗಂಡ ಆ ಇಡೀ ದಿನ ಬಾಗಿಲಿನಿಂದ ಕದಲಲಿಲ್ಲ. ಮುಂದಿನ ಕೋಣೆಯಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ನನಗೂ ಆ ಸುಳ್ಳು ಸಾಲು ಕಣ್ಣಿಗೆ ಕಟ್ಟಿತ್ತು. ನನ್ನ ಮುಂದೆ ಯಾರ್ಯಾರದೋ ಬೆನ್ನುಗಳು, ಅವರಾಚೆ ಬಿಸಿಲು, ಬಿಸಿಲಿನಾಚೆ ಅಕ್ಕನ ಕಿಟಕಿ. ಒಂದೊಂದೇ ಹೆಜ್ಜೆ ಸರಿಯುತ್ತಿದ್ದೇನೆ ಎಂದೇ ಅನಿಸುತ್ತಿತ್ತು.

ಸಂಜೆ ಫೋನ್ ಬಂದಾಗ ಮೊದಲು ಕೇಳಿಸಿದ್ದು ಅವಳ ದನಿಯಲ್ಲ. ಹಡಗಿನ ಕೂಗು. ದೊಡ್ಡದಾಗಿ, ಉದ್ದಕ್ಕೆ, ಕಿಟಕಿಯ ಗಾಜು ನಡುಗುವಂತೆ. ಅದು ನಿಂತ ಮೇಲೆ ಅಕ್ಕನ ಉಸಿರು ಕೇಳಿಸಿತು.

"ಹೊರಟೇಬಿಡ್ತಲ್ಲೇ" ಎಂದಳು.

ಸೆರಗನ್ನು ಬಾಯಿಗೆ ಒತ್ತಿಕೊಂಡೆ, ಆದರೂ ಅಳು ಅವಳಿಗೆ ಕೇಳಿಸಿಬಿಟ್ಟಿತು.

"ಅಳಬೇಡ ಕಣೇ. ನೀನೇನು ಮಾಡ್ತೀಯ, ಅವರು ಬಿಡ್ಲಿಲ್ಲ" ಎಂದಳು. ಒಂದೊಂದು ಮಾತಿಗೂ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಳು. "ಬೆಳಿಗ್ಗೆಯಿಂದ ನಿಂತೇ ಇದ್ದೀಯ. ಕಾಲು ಎಷ್ಟು ನೋಯ್ತಿದ್ಯೋ ಏನೋ. ಕೂತ್ಕೋ ಮೆಣಸು. ಎಲ್ಲಾದ್ರೂ ಸ್ವಲ್ಪ ಕೂತ್ಕೋ."

ನಾನು ಒಲೆಯ ಪಕ್ಕ ನೆಲದ ಮೇಲೆ ಕೂತೆ.